ಪಂಪ್ ಬದಲಾಯಿಸುವ ಮೊದಲು ಈ ಗೇಜ್ ಹಾಕಿ ನೋಡಿ

ಇಂಜಿನ್‌ಗೆ ಹೋಗುವ ಪೆಟ್ರೋಲಿನ ಒತ್ತಡ ಅಳೆಯುವ ಈ ಫ್ಯೂಯಲ್ ಪ್ರೆಷರ್ ಗೇಜ್ ಕಿಟ್ ಕೈಗೆ ಬರುವ ಮೊದಲೇ ನಮ್ಮ ಹಳೆಯ ಪೆಟ್ರೋಲ್ ಪಿಕಪ್‌ಗೆ ಹೊಸ ಫ್ಯೂಯಲ್ ಪಂಪ್ (ಟ್ಯಾಂಕಿನಿಂದ ಇಂಜಿನ್‌ಗೆ ಪೆಟ್ರೋಲ್ ತಳ್ಳುವುದು) ಬಿದ್ದಿತ್ತು. ಬೆಳಿಗ್ಗೆ ಸೆಲ್ಫ್ ಹೊಡೆದು ಹೊಡೆದು ಸ್ಟಾರ್ಟ್ ಆಗುತ್ತಿತ್ತು, ಆದ ಕೂಡಲೇ ಕಪ್ಪು ಹೊಗೆ, ಲೋಡ್ ಹಾಕಿ ಏರು ಹತ್ತಿಸಿದರೆ ಗಾಡಿ ಎಳೆಯುತ್ತಲೇ ಇರಲಿಲ್ಲ. ಮೆಕ್ಯಾನಿಕ್ ಒಬ್ಬರು ಕೇಳಿದ ತಕ್ಷಣ ಪಂಪ್ ಹೋಗಿದೆ ಅಂದರು. ಟ್ಯಾಂಕ್ ಇಳಿಸಿ ಪಂಪ್ ಹಾಕಿದ್ದೂ ಆಯ್ತು, ಮರುದಿನ ಬೆಳಿಗ್ಗೆ ಮತ್ತೆ ಅದೇ ಪಾಡು.

ಕಿಟ್‌ನಲ್ಲಿ 0ಯಿಂದ 100 ಪಿಎಸ್‌ಐ (ಒತ್ತಡದ ಅಳತೆ) ತೋರಿಸುವ ಗೇಜ್, ಉದ್ದದ ಹೋಸ್, ಪ್ರೆಷರ್ ಬಿಡಲು ಒಂದು ಬಟನ್, ಒಂದಷ್ಟು ಅಡಾಪ್ಟರ್ ಇವೆ. ಫ್ಯೂಯಲ್ ರೈಲ್ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಪೈಪ್) ಮೇಲೆ ಟೈರಿನ ವಾಲ್ವ್‌ನಂಥ ಮೂತಿ ಇದ್ದರೆ ಕೂರಿಸುವುದು ಐದೇ ನಿಮಿಷದ ಕೆಲಸ. ಇಂಜಿನ್ ತಣ್ಣಗಿರಲಿ, ಸುತ್ತ ಬಟ್ಟೆ ಸುತ್ತಿ, ಪೆಟ್ರೋಲ್ ಚಿಮ್ಮೇ ಚಿಮ್ಮುತ್ತದೆ.

ಕೀ ಆನ್ ಮಾಡಿದೆ, ಮುಳ್ಳು 43ಕ್ಕೆ ಬಂತು. ಸ್ಟಾರ್ಟ್ ಮಾಡಿದರೆ 35. ಅಲ್ಲಿಗೆ ಎಲ್ಲ ಸರಿಯಾಗೇ ಇದೆ. ಆದರೆ ಕೀ ತೆಗೆದ ಮೇಲೆ ಮುಳ್ಳು ನಿಲ್ಲಲೇ ಇಲ್ಲ, ನೋಡ್ತಾ ನೋಡ್ತಾ ಸೊನ್ನೆಗೆ ಇಳಿಯಿತು. ಪಂಪ್‌ನಿಂದ ಬರುವ ರಬ್ಬರ್ ಪೈಪನ್ನು ಹಿಚುಕಿ ಹಿಡಿದರೂ ಇಳಿಯಿತು, ಅಂದರೆ ಪೆಟ್ರೋಲ್ ವಾಪಸ್ ಪಂಪ್ ಕಡೆ ಹೋಗುತ್ತಿಲ್ಲ. ಪ್ರೆಷರ್ ಹಿಡಿತದಲ್ಲಿಡುವ ರೆಗ್ಯುಲೇಟರ್‌ನಿಂದ ಇಂಜಿನ್ ಗಾಳಿ ಎಳೆಯುವ ಕಡೆಗೆ ಹೋಗುವ ವ್ಯಾಕ್ಯೂಮ್ ಪೈಪ್ ಕಿತ್ತು ನೋಡಿದರೆ ಒಳಗೆಲ್ಲ ಪೆಟ್ರೋಲ್! ರೆಗ್ಯುಲೇಟರ್ ಒಳಗಿನ ರಬ್ಬರ್ ಪರದೆ, ಅಂದರೆ ಡಯಾಫ್ರಮ್, ಹರಿದಿತ್ತು. ಬೆಳಗಿನ ಸೆಲ್ಫ್, ಕಪ್ಪು ಹೊಗೆ ಎರಡಕ್ಕೂ ಕಾರಣ ಅದೇ.

ಏರಿನಲ್ಲಿ ಎಳೆಯದ್ದು ಬೇರೆಯೇ ಸಮಸ್ಯೆ. ಗೇಜನ್ನು ಮುಂದಿನ ಗಾಜಿನ ಹೊರಗೆ ಟೇಪ್ ಹಾಕಿ ಕೂರಿಸಿ ಓಡಿಸಿದೆ (ದಯವಿಟ್ಟು ಕ್ಯಾಬಿನ್ ಒಳಗೆ ತರಬೇಡಿ, ಹೋಸ್ ಬಿಟ್ಟರೆ ಪೆಟ್ರೋಲ್ ಮೈಮೇಲೆ ಬರುತ್ತದೆ). ಆಕ್ಸಿಲರೇಟರ್ ಒತ್ತಿದಾಗ ಪ್ರೆಷರ್ ಏರಬೇಕು, ನಮ್ಮದರಲ್ಲಿ 30ಕ್ಕೆ ಬಿತ್ತು. ಫಿಲ್ಟರ್ ಬದಲಾಯಿಸಿದ ಮೇಲೆ ಬೀಳಲಿಲ್ಲ. ಫಿಲ್ಟರ್ ಸರಿ ಇದ್ದೂ ಹೀಗೇ ಆದರೆ ಪಂಪ್ ಹತ್ತಿರ ವೋಲ್ಟೇಜ್ ನೋಡಿ, ಹಳೇ ಗಾಡಿಯಲ್ಲಿ ಅರ್ಥ್ ವೈರ್ ತುಕ್ಕು ಹಿಡಿದರೂ ಪಂಪ್ ಸೋಲುತ್ತದೆ.

ಈ 43 ನಮ್ಮ ಗಾಡಿಯ ಲೆಕ್ಕ, ಎಲ್ಲಕ್ಕೂ ಅದೇ ಅಲ್ಲ. ಷೆವ್ರೊಲೆಯ 1996ರಿಂದ ಬಂದ ವೋರ್ಟೆಕ್ 5.7 ಲೀಟರ್ ಇಂಜಿನ್‌ಗೆ ಕೀ ಆನ್‌ನಲ್ಲಿ 60ರಿಂದ 66 ಬೇಕು, ಅದಕ್ಕಿಂತ ಹಿಂದಿನ ಥ್ರಾಟಲ್ ಬಾಡಿ ಇಂಜೆಕ್ಷನ್‌ಗೆ (ಕಾರ್ಬುರೇಟರ್ ಇರುತ್ತಿದ್ದ ಜಾಗದಲ್ಲೇ ಪೆಟ್ರೋಲ್ ಸಿಂಪಡಿಸುವ ವ್ಯವಸ್ಥೆ) 9ರಿಂದ 13 ಸಾಕು. ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುಯಲ್ ನೋಡದೆ ಸುಮ್ನೆ ಗೇಜ್ ಹಾಕಿದರೆ ಅರ್ಧ ಕೆಲಸ.

ಕಿಟ್‌ನ ದೊಡ್ಡ ಕೊರತೆ ಅಡಾಪ್ಟರ್ ಒಳಗಿನ ರಬ್ಬರ್ ವಾಷರ್. ಮೊದಲ ದಿನ ಅಲ್ಲೇ ಹನಿ ಹನಿ ಸೋರುತ್ತಿತ್ತು. ಗೇಜ್ ಸೋರಿದರೂ ಮುಳ್ಳು ಇಳಿಯುತ್ತದೆ ಅಲ್ವಾ? ಆ ದಿನ ಅದನ್ನು ಗಮನಿಸದೇ ಇದ್ದಿದ್ದರೆ ಒಳ್ಳೆಯ ಪಾರ್ಟನ್ನೇ ದೂರುತ್ತಿದ್ದೆ. ಈಗ ಪೆಟ್ರೋಲ್ ತಡೆಯುವ ಬೇರೆ ವಾಷರ್ ಹಾಕಿದ್ದೇನೆ, ಪ್ರತಿ ಸಲ ಜೋಡಣೆಗಳನ್ನೆಲ್ಲ ಒಣ ಬಟ್ಟೆಯಲ್ಲಿ ಒರೆಸಿ, ಒದ್ದೆ ಆಗಿಲ್ಲ ಅಂತ ನೋಡಿಕೊಂಡೇ ಮುಳ್ಳು ನೋಡುತ್ತೇನೆ. ಅಡಾಪ್ಟರ್‌ಗಳ ಮೇಲೆ ಅಳತೆ ಬರೆದಿಲ್ಲ, ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ.

ಕಾರ್ಬುರೇಟರ್ ಗಾಡಿಗೆ ಇದು ಬೇಡ. ಅಲ್ಲಿ ಪ್ರೆಷರ್ 4ರಿಂದ 7 ಅಷ್ಟೇ, ಈ ಡಯಲ್‌ನಲ್ಲಿ ಮುಳ್ಳು ಅಲುಗಿದ್ದೇ ಗೊತ್ತಾಗುವುದಿಲ್ಲ. ಕಾಮನ್ ರೈಲ್ ಡೀಸೆಲ್‌ನ ರೈಲಿಗಂತೂ ಹಾಕಲೇಬೇಡಿ, ಅಲ್ಲಿನ ಪ್ರೆಷರ್ ಸಾವಿರ ಬಾರ್ ದಾಟುತ್ತದೆ, ಜೀವಕ್ಕೇ ಅಪಾಯ.

ಇಂಜೆಕ್ಷನ್ ಇರುವ ಹಳೇ ಪೆಟ್ರೋಲ್ ಪಿಕಪ್ ಇದ್ದವರು ತಗೊಳ್ಳಿ. ಐದಕ್ಕೆ ನಾಲ್ಕು, ಆ ವಾಷರ್‌ಗಾಗಿ ಒಂದು ಕಡಿಮೆ.