ಹಂದಿ ಮಿನರಲ್ ಮಿಕ್ಸ್ಚರು: ಎರಡು ವರ್ಷ ಹಾಕಿದ್ಮೇಲೆ ಬರೀತಿದೀನಿ

ಕೊಡಗಿನ ಗೋಣಿಕೊಪ್ಪದ ಹತ್ರ ತೋಟದ ಮೂಲೇಲಿ ಗೂಡು ಕಟ್ಟಿ ಹನ್ನೆರಡು ಹದಿನೈದು ಹಂದಿ ಸಾಕ್ತೀವಿ, ಯಾರ್ಕ್‌ಶೈರ್ ಕ್ರಾಸು, ಕೈಲ್ ಪೊಳ್ದ್, ಹುತ್ತರಿ ಹಬ್ಬಕ್ಕೆ ಪಂದಿಕರಿಗೆ ಅಂತ ಜನ ಮೊದ್ಲೇ ಹೇಳಿಟ್ಟಿರ್ತಾರೆ. ಹಾಕೋದು ಮುಸುಕಿನ ಜೋಳದ ನುಚ್ಚು, ತೌಡು, ಸೋಯಾ ಹಿಂಡಿ.

ಮೊದ್ಲು ಮನೇಲಿದ್ದ ಹಸುವಿನ ಮಿನರಲ್ ಪುಡೀನೇ ಹಾಕ್ತಿದ್ದೆ, ಮೂಳೆ ಗಟ್ಟಿ ಆಗ್ಲಿ ಅಂತ ಕಾಫಿ ಗಿಡಕ್ಕೆ ತಂದ ಸುಣ್ಣಾನೂ ದಿನಾ ಒಂದೊಂದು ಹಿಡಿ ಬೆರೆಸ್ದೆ, ನಂದೇ ಬುದ್ಧಿ. ಮೂರು ತಿಂಗ್ಳ ಮರಿಗಳಿಗೆ ಹೊಟ್ಟೆ ಕೆಳ್ಗೆ, ತೊಡೆ ಒಳಗೆ ಕೆಂಪು ಗುಳ್ಳೆ ಎದ್ದು ಆಮೇಲೆ ಮೈಯೆಲ್ಲಾ ಒಣ ಹೆಕ್ಕಳಿಕೆ, ಬಿರುಕು. ಕಜ್ಜಿ ಅನ್ಕೊಂಡು ಹುಳದ ಇಂಜೆಕ್ಷನ್ ಕೊಡ್ಸಿದ್ರೂ ಏನೂ ಆಗ್ಲಿಲ್ಲ. ಡಾಕ್ಟ್ರು ಬಂದು ಕೇಳಿದ್ದು ಒಂದೇ ಮಾತು, "ಕೆರ್ಕೊಳ್ತವಾ?" ಇಲ್ಲ ಸಾರ್ ಅಂದೆ. ಹಾಗಾದ್ರೆ ಕಜ್ಜಿ ಅಲ್ಲ, ಇದು ಸತು (ಜಿಂಕ್) ಕೊರತೆ, ಸುಣ್ಣ ನಿಲ್ಸಿ ಅಂದ್ರು. ಜೋಳ ತೌಡಲ್ಲಿರೋ ಫೈಟೇಟು ಅನ್ನೋ ಅಂಶ ಸತೂನ ಕಟ್ಟಿಹಾಕತ್ತಂತೆ, ಸುಣ್ಣದ ಕ್ಯಾಲ್ಸಿಯಂ ಜಾಸ್ತಿ ಆದ್ರೆ ಇನ್ನೂ ಬಿಗಿ. ಹಸುಗಾದ್ರೆ ಹೊಟ್ಟೇಲಿರೋ ಸೂಕ್ಷ್ಮಜೀವಿಗಳೇ ಆ ಫೈಟೇಟನ್ನ ಒಡೀತವೆ, ಹಂದಿಗೆ ಆ ಭಾಗ್ಯ ಇಲ್ಲ.

ಆವಾಗಿಂದ ಹಂದಿಗೇ ಅಂತ ಬರೋ ಪುಡಿ, 100 ಕೇಜಿ ಫೀಡಿಗೆ 2 ಕೇಜಿ, ಚೀಲದ ಮೇಲೆ ಬರ್ದಿರೋ ಹಾಗೇ. ಉಪ್ಪು ಬೇರೆ ಅರ್ಧ ಕೇಜಿ ಒಳಗೆ, ಆದ್ರೆ ನೀರು ಯಾವಾಗ್ಲೂ ಇರ್ಬೇಕು, ನೀರು ತಪ್ಪಿದ್ರೆ ಉಪ್ಪೇ ವಿಷ. ಮೂರು ವಾರದಲ್ಲಿ ಚರ್ಮ ನುಣ್ಣಗಾಯ್ತು, ಈಗ ಬೆಳವಣಿಗೇನೂ ಒಂದೇ ಸಮ, ಮುಂಚೆ ಒಂದೇ ಸೂಲಿನ ಮರಿಗಳಲ್ಲೇ ಅಣ್ಣ ತಮ್ಮ ಅನ್ನೋ ಹಾಗೆ ಕಾಣ್ತಿದ್ವು.

ಒಂದು ವಿಷ್ಯಕ್ಕೆ ಇದನ್ನ ನಂಬ್ಕೋಬೇಡಿ, ಹಾಲು ಕುಡಿಯೋ ಮರಿಗೆ ರಕ್ತಹೀನತೆ. ತಾಯಿಗೆ ಎಷ್ಟು ಪುಡಿ ತಿನ್ಸಿದ್ರೂ ಹಾಲಲ್ಲಿ ಕಬ್ಬಿಣ ಏರಲ್ಲ, ಸಿಮೆಂಟ್ ನೆಲದಲ್ಲಿ ಮಣ್ಣು ಮೂಸೋಕೂ ಸಿಗಲ್ಲ. ಮೂರನೇ ದಿನ 200 ಮಿಲಿಗ್ರಾಂ ಕಬ್ಬಿಣದ ಇಂಜೆಕ್ಷನ್ ಹಾಕ್ಸ್ಲೇಬೇಕು.

ನನ್ನ ದೂರು ಚೀಲದ ಬಗ್ಗೆ. ಜೂನ್ ಜುಲೈ ಮಳೇಲಿ ನಮ್ಮೂರಲ್ಲಿ ಗೋಡೇನೇ ಬೆವರತ್ತೆ, ಒಂದ್ಸಲ ಬಾಯಿ ಬಿಚ್ಚಿದ್ರೆ ಪುಡಿ ಕಲ್ಲಾಗೋಗತ್ತೆ, ಗಂಟು ಗಂಟಾಗಿ ಬಿದ್ರೆ ಒಂದು ಹಂದಿಗೆ ಜಾಸ್ತಿ ಇನ್ನೊಂದಕ್ಕೆ ಏನೂ ಇಲ್ಲ. ಒಲೆ ಮೇಲಿನ ಅಟ್ಟದಲ್ಲಿ ಡಬ್ಬೀಲಿ ಹಾಕಿಡ್ತೀನಿ, ಮೆಣಸಿನ ಪಕ್ಕ. ಐದಕ್ಕೆ ನಾಲ್ಕು ಸ್ಟಾರ್, ಆ ಒಂದು ಚೀಲಕ್ಕೆ ಕಟ್.