ಮದುವೆ ಮನೆಯಷ್ಟು ಹೀರೋಗಳು: ಜಸ್ಟೀಸ್ ಲೀಗ್ ಅನ್‌ಲಿಮಿಟೆಡ್ ಮೊದಲ ಸಂಚಿಕೆ

ಮೊದಲು ಹೊಟ್ಟೆಯುರಿ ಹೇಳಿಕೊಂಡುಬಿಡುತ್ತೇನೆ, ಕಥೆಯ ವಿಷಯ ಆಮೇಲೆ. ತುಮಕೂರಿನಲ್ಲಿ ಅಮೆರಿಕದ ಕಾಮಿಕ್ಸ್ ಬಿಡಿ ಸಂಚಿಕೆ ಮಾರುವ ಅಂಗಡಿ ನನಗಂತೂ ಸಿಕ್ಕಿಲ್ಲ. ಬಿ.ಹೆಚ್. ರಸ್ತೆಯಲ್ಲಿ ಕಾಮಿಕ್ಸ್ ಇದೆಯಾ ಎಂದು ಕೇಳಿದರೆ ಎಸ್ಸೆಸ್ಸೆಲ್ಸಿ ಗೈಡ್ ತೋರಿಸಿದರು. ಹಾಗಾಗಿ ಈ ಸಂಚಿಕೆಯನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಯಾವ ಅಂಗಡಿ ಅಂತ ಹೇಳಲ್ಲ. ಕೊರಿಯರ್ ಸೇರಿ 650 ರೂಪಾಯಿ, ಕೈಗೆ ಬರೋದಕ್ಕೆ 12 ದಿನ. ತೆಳ್ಳನೆ ಕವರು, ಹಿಂದೆ ಒಂದು ರಟ್ಟು ಕೂಡ ಇಟ್ಟಿರಲಿಲ್ಲ. ನಾವ್ಯಾರೂ ಮನೆಯಲ್ಲಿ ಇರಲಿಲ್ಲ, ತಂದ ಹುಡುಗ ಅದನ್ನು ಸುರುಳಿ ಸುತ್ತಿ, ಪೇಪರ್ ಸಿಕ್ಕಿಸುವ ಹಾಗೆ ಗೇಟಿನ ಸರಳಿಗೆ ಸಿಕ್ಕಿಸಿ ಹೋಗಿದ್ದ. ಮುಖಪುಟದ ನಡುವೆ ಉದ್ದಕ್ಕೆ ಒಂದು ಮಡಿಕೆ. ಫೋಟೋ ಕಳಿಸಿದರೆ ಬಂದ ಉತ್ತರ: "ಓದಲು ಏನೂ ತೊಂದರೆ ಇಲ್ಲವಲ್ಲ ಸರ್?"

ಇಲ್ಲ. ಓದಲು ತೊಂದರೆ ಇರಲಿಲ್ಲ. ಅದೇ ಸಿಟ್ಟು!

2024ರ ನವೆಂಬರ್‌ನಲ್ಲಿ, ಸೂಪರ್‌ಮನ್, ಬ್ಯಾಟ್‌ಮನ್ ಕಾಮಿಕ್ಸ್ ತರುವ ಡಿಸಿ ಕಂಪನಿ ಶುರುಮಾಡಿದ ಸರಣಿ ಇದು. ಬರೆದವರು ಮಾರ್ಕ್ ವೇಯ್ಡ್, ಚಿತ್ರ ಬರೆದವರು ಕೋಸ್ಟರಿಕಾದ ಡ್ಯಾನ್ ಮೋರಾ. ಕಾರ್ಟೂನ್ ನೆಟ್‌ವರ್ಕ್ ನೋಡಿ ಬೆಳೆದವರಿಗೆ ಹೆಸರು ನೆನಪಿರುತ್ತದೆ, 2004ರಿಂದ 2006ರವರೆಗೆ ಬಂದ ಕಾರ್ಟೂನಿನದೂ ಇದೇ ಹೆಸರು. ನಾನು ಅದರ ಮುಂದುವರಿದ ಭಾಗ ಅಂದುಕೊಂಡೇ ತರಿಸಿದ್ದು. ಅಲ್ಲ. ಆದರೆ ಅದರ ಮೂಲ ಉಪಾಯವನ್ನು ಇಲ್ಲೂ ಹಿಡಿದಿದ್ದಾರೆ: ಐದಾರು ಜನರ ತಂಡ ಬೇಡ, ಊರಲ್ಲಿರುವ ಎಲ್ಲಾ ಹೀರೋಗಳನ್ನೂ ಸೇರಿಸಿಕೊಳ್ಳೋಣ, ಆಕಾಶದಲ್ಲಿ ವಾಚ್‌ಟವರ್ ಅನ್ನೋ ಒಂದು ದೊಡ್ಡ ಠಾಣೆ ಕಟ್ಟೋಣ, ಎಲ್ಲರಿಗೂ ಅಲ್ಲಿಂದಲೇ ಕೆಲಸ ಹಂಚೋಣ.

ಇಷ್ಟೊಂದು ಜನರನ್ನು ಒಂದು ತೆಳು ಪುಸ್ತಕದಲ್ಲಿ ಓದುಗನಿಗೆ ಪರಿಚಯ ಮಾಡಿಸೋದು ಹೇಗೆ? ವೇಯ್ಡ್ ಇಲ್ಲಿ ನಿಜಕ್ಕೂ ಜಾಣತನ ಮಾಡಿದ್ದಾರೆ. ಸೂಪರ್‌ಮನ್ ಕಣ್ಣಿಂದಲೋ ಬ್ಯಾಟ್‌ಮನ್ ಕಣ್ಣಿಂದಲೋ ಕಥೆ ಹೇಳದೆ, ಏರ್ ವೇವ್ ಎಂಬ ಹುಡುಗನ ಹಿಂದೆ ನಮ್ಮನ್ನು ಕಳಿಸುತ್ತಾರೆ. ರೇಡಿಯೋ ಅಲೆಯಾಗಿ ಬದಲಾಗಿ ಓಡಾಡುವುದು ಅವನ ಶಕ್ತಿ. ಗ್ರೀನ್ ಲ್ಯಾಂಟರ್ನ್ ಅನ್ನೋ ಹಳೇ ಹೀರೋಗೆ ಸಂಬಂಧಿ ಬೇರೆ, ಇಬ್ಬರ ಹೆಸರೂ ಹಾಲ್ ಜೋರ್ಡನ್ನೇ. ಅವನಿಗೆ ಅವತ್ತು ವಾಚ್‌ಟವರ್‌ನಲ್ಲಿ ಮೊದಲ ದಿನ. ಹಳ್ಳಿಯಿಂದ ಬಂದು ಕಾಲೇಜು ಹಾಸ್ಟೆಲ್‌ಗೆ ಟ್ರಂಕು ಹಿಡಿದು ಕಾಲಿಟ್ಟ ದಿನ ಹೇಗಿರುತ್ತೆ ಹೇಳಿ. ಸೀನಿಯರ್ ಯಾರು, ವಾರ್ಡನ್ ಯಾರು, ಯಾರನ್ನು ನೋಡಿದರೆ ನಗಬಹುದು, ಯಾರೆದುರು ಸುಮ್ನೆ ತಲೆತಗ್ಗಿಸಬೇಕು, ಒಂದೂ ಗೊತ್ತಿರಲ್ಲ. ಅವನ ಗಲಿಬಿಲಿಯೇ ನಮ್ಮ ಗಲಿಬಿಲಿ. ಅವನಿಗೆ ವಿವರಿಸಿ ಹೇಳುವಾಗ ನಮಗೂ ಹೇಳಿದಂತಾಯಿತು. ಬೇರೆ ಮೊದಲ ಸಂಚಿಕೆಗಳಲ್ಲಿ ಪಾತ್ರಗಳು ತಮಗೆ ಗೊತ್ತಿರುವ ವಿಷಯವನ್ನೇ ಒಬ್ಬರಿಗೊಬ್ಬರು ಹೇಳಿಕೊಂಡು ನಿಂತಿರುತ್ತವಲ್ಲ, ಆ ಕಾಟ ಇಲ್ಲಿ ಕಡಿಮೆ.

ಮೋರಾ ಚಿತ್ರಗಳ ಬಗ್ಗೆ ಏನು ಹೇಳಲಿ. ಈ ಇಬ್ಬರೂ 2022ರಿಂದ ಸೂಪರ್‌ಮನ್-ಬ್ಯಾಟ್‌ಮನ್ ಜೋಡಿಯ ವರ್ಲ್ಡ್ಸ್ ಫೈನೆಸ್ಟ್ ಸರಣಿಯಲ್ಲಿ ಜೊತೆಗೆ ಪಳಗಿದವರು, ಅದು ಪುಟಪುಟದಲ್ಲೂ ಕಾಣುತ್ತದೆ. ಎಷ್ಟೇ ಗುಂಪಿದ್ದರೂ ಯಾರು ಎಲ್ಲಿ ನಿಂತಿದ್ದಾರೆ ಅನ್ನೋದು ಕಳೆದುಹೋಗಲ್ಲ. ಮೂಲೆಯಲ್ಲಿ ಬೆರಳಿನಷ್ಟು ಕಾಣುವ ಪಾತ್ರಕ್ಕೂ ಒಂದು ನಿಲುವು ಇರುತ್ತದೆ. ಬಣ್ಣ ತುಂಬಿದ ಟಾಮ್ರಾ ಬಾನ್ವಿಲನ್ ಅವರಿಗೂ ಅರ್ಧ ಪಾಲು ಕೊಡಬೇಕು.

ಆದರೂ ಜನ ಜಾಸ್ತಿಯೇ. ನಮ್ಮ ಕಡೆ ಮದುವೆ ಛತ್ರದಲ್ಲಿ ಯಾರೋ ದೊಡ್ಡಮ್ಮ ಗಲ್ಲ ಹಿಡಿದು "ನಾನ್ಯಾರು ಗೊತ್ತಾಯ್ತಾ?" ಅಂತ ಕೇಳುತ್ತಾರಲ್ಲ, ನಾವು ಹಲ್ಲು ಕಿರಿದು "ಹೂಂ ಹೂಂ" ಅಂತೀವಲ್ಲ, ಕೆಲವು ಪುಟಗಳು ಥೇಟ್ ಹಾಗೇ. ಇಷ್ಟು ವರ್ಷ ಓದಿದ ನನಗೇ ಮೂರರಲ್ಲಿ ಒಂದು ಪಾಲು ಮುಖ ಗುರುತು ಸಿಗಲಿಲ್ಲ. ಎಂಟನೇ ಕ್ಲಾಸಿನ ಅಕ್ಕನ ಮಗ ಪಕ್ಕದಲ್ಲಿ ಕೂತು ಒಂದೊಂದು ಮಾತಿನ ಬಲೂನಿಗೂ ಬೆರಳಿಟ್ಟು ಓದುತ್ತಿದ್ದವನು ತಲೆಯೆತ್ತಿ ಕೇಳಿದ, "ಮಾಮ, ಇವರಲ್ಲಿ ಫೈಟ್ ಮಾಡೋರು ಯಾರು, ಸುಮ್ನೆ ಬಂದು ನಿಂತಿರೋರು ಯಾರು?" ನಾನು ಉತ್ತರ ಕೊಡದೆ ಪುಟ ತಿರುಗಿಸಿದೆ.

1960ರಲ್ಲಿ ಈ ಲೀಗ್ ಮೊದಲು ಬಂದಾಗ ಇದ್ದವರು ಏಳೇ ಜನ. ಸೂಪರ್‌ಮನ್, ಬ್ಯಾಟ್‌ಮನ್, ವಂಡರ್ ವುಮನ್, ಫ್ಲ್ಯಾಶ್, ಗ್ರೀನ್ ಲ್ಯಾಂಟರ್ನ್, ಅಕ್ವಾಮನ್, ಮಾರ್ಷಿಯನ್ ಮ್ಯಾನ್‌ಹಂಟರ್. ಅವರೆದುರಿಗಿದ್ದ ವಿಲನ್ ಯಾರು ಗೊತ್ತಾ, ಒಂದು ದೈತ್ಯ ನಕ್ಷತ್ರಮೀನು! ಅಷ್ಟು ಸರಳ ಲೆಕ್ಕ ಈಗ ನಡೆಯಲ್ಲ ಬಿಡಿ. ಈ ಸರಣಿಗೆ ಮುಂಚೆ ಅದೇ ವರ್ಷ ಆಬ್ಸೊಲ್ಯೂಟ್ ಪವರ್ ಅಂತ ಇನ್ನೊಂದು ದೊಡ್ಡ ಕಥೆ ಬಂದಿತ್ತು, ಅದರಲ್ಲಿ ಅಮಾಂಡಾ ವಾಲರ್ ಅನ್ನೋ ಸರ್ಕಾರಿ ಅಧಿಕಾರಿ ಹೀರೋಗಳ ಶಕ್ತಿಗಳನ್ನೆಲ್ಲ ಕಿತ್ತುಕೊಂಡಿದ್ದಳು. ಅದನ್ನು ಓದದೆ ಇದಕ್ಕೆ ಕೈಹಾಕಬಹುದಾ? ಹಾಕಬಹುದು. ಅಲ್ಲಲ್ಲಿ ಒಂದೆರಡು ಮಾತು ತಲೆ ಮೇಲೆ ಹೋಗುತ್ತವೆ, ಅಷ್ಟೇ.

ಇಂಥ ಹೊಸ ಸರಣಿಯ ಮೊದಲ ಸಂಚಿಕೆಗೆ ಒಂದೇ ಮುಖಪುಟ ಇರಲ್ಲ. ಒಳಗೆ ಅದೇ ಕಥೆ, ಹೊರಗೆ ಬೇರೆ ಬೇರೆ ಕಲಾವಿದರ ಚಿತ್ರ. ಇದು ಹಳೇ ವ್ಯಾಪಾರ. 1991ರಲ್ಲಿ ಡಿಸಿಯ ಎದುರಾಳಿ ಕಂಪನಿ ಮಾರ್ವೆಲ್‌ನವರು ಎಕ್ಸ್-ಮೆನ್ ಹೊಸ ಸರಣಿಯ ಮೊದಲ ಸಂಚಿಕೆಯನ್ನು ಐದು ಮುಖಪುಟದಲ್ಲಿ ಬಿಟ್ಟು 80 ಲಕ್ಷಕ್ಕೂ ಹೆಚ್ಚು ಪ್ರತಿ ಖಾಲಿ ಮಾಡಿದ್ದರು, ಒಬ್ಬೊಬ್ಬರೇ ಐದೈದು ಕೊಂಡವರಿದ್ದರು. ಅಂಗಡಿಯವನು ನನಗೂ ಇನ್ನೊಂದು ಮುಖಪುಟ ತೋರಿಸಿ ಬೆಲೆ ಎರಡರಷ್ಟು ಹೇಳಿದ. ಬೇಡಪ್ಪಾ ಅಂದೆ. ಗೇಟಿಗೆ ಸಿಕ್ಕಿಸೋದಕ್ಕೆ ಯಾವುದಾದರೇನು.

ನನ್ನ ನಿಜವಾದ ತಕರಾರು ಬೇರೆ. ಚಿಕ್ಕವನಿದ್ದಾಗ ಬಸ್‌ಸ್ಟ್ಯಾಂಡಿನ ಪೇಪರ್ ಅಂಗಡಿಯಲ್ಲಿ ಬಾಲಮಂಗಳ ಕೊಂಡು ಬಸ್ಸು ಹೊರಡುವಷ್ಟರಲ್ಲಿ ಡಿಂಗನ ಕಥೆ ಮುಗಿಸುತ್ತಿದ್ದೆವು. ಒಂದು ಕಾಡು, ಒಬ್ಬ ಡಿಂಗ, ಒಂದು ತೊಂದರೆ, ಅಲ್ಲೇ ಪರಿಹಾರ. ಇಲ್ಲಿ 650 ರೂಪಾಯಿ ಕೊಟ್ಟು 20 ನಿಮಿಷ ಓದಿದರೆ ಕಥೆ ಈಗ ತಾನೇ ಚಪ್ಪಲಿ ಹಾಕಿಕೊಂಡು ಹೊಸ್ತಿಲು ದಾಟಿರುತ್ತದೆ. ಕೊನೆಯ ಪುಟದಲ್ಲಿ ಏರ್ ವೇವ್ ಬಗ್ಗೆ ಒಂದು ವಿಷಯ ಬಯಲಾಗುತ್ತದೆ, ಹೇಳಲ್ಲ, ಆದರೆ ಅದನ್ನು ಓದಿದ ಮೇಲೆ ಮತ್ತೆ ಮೊದಲ ಪುಟಕ್ಕೆ ಹೋಗಿ ಅವನ ಮುಖ ನೋಡಿದೆ, ಮೋರಾ ಅಲ್ಲೇ ಏನಾದರೂ ಸುಳಿವು ಇಟ್ಟಿದ್ದಾರಾ ಅಂತ. ಹಾಗೆ ತಿರುಗಿ ಓದಿಸುವುದು ಸಣ್ಣ ಮಾತಲ್ಲ. ಮುಂದಿನ ತಿಂಗಳವರೆಗೆ ಕಾಯಿಸೋದು ಮಾತ್ರ ತಮಾಷೆ ಅಲ್ಲ, ಅದರಲ್ಲೂ ನಮ್ಮೂರಿಗೆ ಮುಂದಿನ ತಿಂಗಳು ಅಂದರೆ ಅದರ ಮುಂದಿನ ತಿಂಗಳು.

ಹಾಗಾಗಿ ನನ್ನ ಲೆಕ್ಕ ಇಷ್ಟು. ಕಥೆಗೆ, ಚಿತ್ರಕ್ಕೆ ಐದರಲ್ಲಿ ನಾಲ್ಕು. ತರಿಸಿಕೊಂಡ ಅಂಗಡಿಗೆ ಒಂದು, ಅದೂ ಕೊನೆಗೆ ತಲುಪಿಸಿದ್ದಕ್ಕೆ. ಕಾಮಿಕ್ಸ್ ಹೊಸದಾಗಿ ಶುರುಮಾಡುವವರು ಬಿಡಿ ಸಂಚಿಕೆ ಕೊಳ್ಳಬೇಡಿ, ನಾಲ್ಕೈದು ಸಂಚಿಕೆ ಸೇರಿಸಿ ಮಾಡಿದ ಪುಸ್ತಕ ತಗೊಳ್ಳಿ. ಬೆಂಗಳೂರಿಗೆ ಹೋಗುವ ಕೆಲಸ ಹೇಗೂ ಬರುತ್ತಲ್ವಾ, ಚರ್ಚ್ ಸ್ಟ್ರೀಟಿನ ಪುಸ್ತಕದ ಅಂಗಡಿಗಳಲ್ಲಿ ಕೈಯಲ್ಲಿ ಹಿಡಿದು, ಪುಟ ತಿರುವಿ, ಮಡಿಕೆ ಇಲ್ಲದ ಪ್ರತಿ ನೋಡಿ ಆರಿಸಿ. ಫೋನಿನಲ್ಲಿ ಓದಬೇಡಿ ಅನ್ನಲ್ಲ, ಆದರೆ ಮೋರಾ ಎರಡು ಪುಟಕ್ಕೆ ಹರಡಿ ಬರೆದ ಚಿತ್ರ ಅಂಗೈಯಗಲ ಪರದೆಯಲ್ಲಿ ಇರುವೆ ಸಾಲಿನ ಹಾಗೆ ಕಾಣುತ್ತದೆ.

ನನ್ನ ಪ್ರತಿ ಈಗ ಅಕ್ಕನ ಮನೆಯಲ್ಲಿದೆ. ಮಡಿಕೆ ಹೋಗಲಿ ಅಂತ ಹುಡುಗ ಅದರ ಮೇಲೆ ನಾಲ್ಕು ಟೆಕ್ಸ್ಟ್‌ಬುಕ್ ಹೇರಿ ಇಟ್ಟಿದ್ದಾನಂತೆ.