ಬೆಲ್ಲೋ ನೋಡಿ ದುಡ್ಡು ಕೊಟ್ಟೆ, ವಾಲ್ವ್ ನೋಡಲಿಲ್ಲ

ಟ್ರೈಲರಿಗೆ ಏರ್ ಸಸ್ಪೆನ್ಷನ್ ಹಾಕಿಸುವ ಯೋಚನೆ ಇರುವವರು, ಈಗಾಗಲೇ ಹಾಕಿಸಿರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಶಿರಾಡಿ ಘಾಟಿನಲ್ಲಿ ನಾನೂ ನನ್ನ ಡ್ರೈವರೂ ಜೀವ ಉಳಿಸಿಕೊಂಡು ಬಂದಿದ್ದೇವೆ. ಆ ರಾತ್ರಿ ಇನ್ನೊಬ್ಬರಿಗೆ ಬರಬಾರದು.

ನಮ್ಮದು ಹಾಸನದ ಕಡೆ. ಎರಡು ಹಾರ್ಸ್ (ಟ್ರೈಲರ್ ಎಳೆಯುವ ಮುಂದಿನ ಗಾಡಿ), ಮೂರು ಆಕ್ಸಲ್‌ನ ಎರಡು ಟ್ರೈಲರ್ ಇವೆ. ಜಾಸ್ತಿ ಓಡಿಸುವುದು ಪೀಣ್ಯದಿಂದ ಮಂಗಳೂರು ಬಂದರಿಗೆ, ಮಷೀನ್ ಲೋಡ್. ಕಮಾನ್ ಪಟ್ಟಿಯ ಟ್ರೈಲರಿನಲ್ಲಿ ಸೂಕ್ಷ್ಮ ಮಷೀನ್ ಕುಲುಕಾಡುತ್ತದೆ, ಏರ್ ಇರುವ ಗಾಡಿ ಇದ್ದರೆ ಹೇಳಿ ಅಂತ ಎರಡು ಮೂರು ಪಾರ್ಟಿಗಳು ಕೇಳಿದರು. ಬಾಡಿಗೆಯೂ ಜಾಸ್ತಿ ಸಿಗುತ್ತಿತ್ತು. ಸರಿ, ಒಂದು ಟ್ರೈಲರಿಗೆ ಹಾಕಿಸೋಣ ಅಂತ ಹೊರಟೆ.

ಎರಡು ಕಡೆ ರೇಟು ಕೇಳಿದೆ. ಇಬ್ಬರ ನಡುವೆ 34,000 ರೂಪಾಯಿ ವ್ಯತ್ಯಾಸ. ಬೆಲ್ಲೋ ಅಂದರೆ ಕಮಾನ್ ಬದಲು ಭಾರ ಹೊರುವ, ಏರ್ ತುಂಬಿದ ರಬ್ಬರ್ ಚೀಲ. ಅದು ಇಬ್ಬರದೂ ಒಂದೇ ಕಂಪನಿಯದು. ಜಾಸ್ತಿ ಹೇಳಿದವರು ಸಸ್ಪೆನ್ಷನ್ನಿಗೆ ಅಂತಲೇ ಬೇರೆ ಏರ್ ಟ್ಯಾಂಕ್, ಒಂದು ಪ್ರೊಟೆಕ್ಷನ್ ವಾಲ್ವ್, ಎಡಕ್ಕೂ ಬಲಕ್ಕೂ ಬೇರೆ ಬೇರೆ ಪೈಪ್ ಲೈನ್ ಸೇರಿಸಿದ್ದರು. ಕಡಿಮೆ ಹೇಳಿದವರ ಹತ್ತಿರ ಅದೊಂದೂ ಇರಲಿಲ್ಲ. ಬ್ರೇಕ್ ಟ್ಯಾಂಕಿನಿಂದಲೇ ಒಂದು ಟೀ (ಮೂರು ಬಾಯಿಯ ಜಾಯಿಂಟ್) ಹಾಕಿ ಏರ್ ತೆಗೆದು, ಗಾಡಿಯ ಎತ್ತರ ಕಾಯುವ ಒಂದು ಲೆವೆಲಿಂಗ್ ವಾಲ್ವ್ ಮೂಲಕ ಆರೂ ಬೆಲ್ಲೋಗಳಿಗೆ ಒಂದೇ ಪೈಪ್. "ಪ್ರೊಟೆಕ್ಷನ್ ಗಿರೊಟೆಕ್ಷನ್ ಎಲ್ಲ ಫಾರಿನ್ ಗಾಡಿಗೆ ಸಾರ್, ನಮ್ಮ ರೋಡಿಗೆ ಬೇಕಾಗಲ್ಲ" ಅಂದರು. ನಾನು ಬೆಲ್ಲೋದ ರಬ್ಬರ್ ಮುಟ್ಟಿ ನೋಡಿದೆ, ಬ್ರಾಕೆಟ್ಟಿನ ವೆಲ್ಡಿಂಗ್ ನೋಡಿದೆ, ದುಡ್ಡು ಕೊಟ್ಟೆ. ಏರ್ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅಂತ ಒಂದು ಮಾತು ಕೇಳಲಿಲ್ಲ.

ಮೊದಲ ಮೂರು ತಿಂಗಳು ತೊಂದರೆ ಇರಲಿಲ್ಲ. ಆಮೇಲೆ ಡ್ರೈವರ್ ಒಂದು ದಿನ, "ಅಣ್ಣಾ, ತಿರುವಲ್ಲಿ ಟ್ರೈಲರ್ ಮಲಗಿದಂಗೆ ಆಗ್ತದೆ, ಕಮಾನ್ ಗಾಡಿ ಹಿಂಗೆ ಮಾಡ್ತಿರ್ಲಿಲ್ಲ" ಅಂದ. ಅವನು ಹೇಳಿದ್ದು ನೂರಕ್ಕೆ ನೂರು ಸರಿ. ಎಡ ಬಲ ಎರಡೂ ಒಂದೇ ದಪ್ಪ ಪೈಪಿನಲ್ಲಿ ಸೇರಿದ್ದರೆ ತಿರುವಿನಲ್ಲಿ ಭಾರ ಬಿದ್ದ ಕಡೆಯ ಏರ್ ಹಗುರ ಇರುವ ಕಡೆಗೆ ಓಡುತ್ತದೆ. ಎತ್ತಿ ಹಿಡಿಯಬೇಕಾದ ಕಡೆಯೇ ಕುಸಿಯುತ್ತದೆ. ಇನ್ನೊಂದು ದಿನ, ಬೆಳಿಗ್ಗೆ ನೋಡಿದರೆ ಟ್ರೈಲರ್ ಕೂತಿರುತ್ತದೆ, ಏರ್ ಹಿಡಿಯುವುದಕ್ಕೆ ಜಾಸ್ತಿ ಹೊತ್ತು ಬೇಕು ಅಂದ. ಬಂದ ಮೇಲೆ ನೋಡೋಣ ಅಂದೆ. ನೋಡಲಿಲ್ಲ. ಸೀಸನ್ ಜೋರಾಗಿತ್ತು.

ಜುಲೈ ತಿಂಗಳು. ಮಳೆ. ಆ ಟ್ರಿಪ್ಪಿಗೆ ನಾನೂ ಜೊತೆಗೆ ಹೋಗಿದ್ದೆ, ಬಂದರಿನಲ್ಲಿ ಲೆಕ್ಕದ ಕೆಲಸ ಇತ್ತು. ರಾತ್ರಿ ಹನ್ನೊಂದರ ಹೊತ್ತಿಗೆ ಸಕಲೇಶಪುರ ದಾಟಿ ದೋಣಿಗಾಲ್ ಬಿಟ್ಟು ಇಳಿಯಲು ಶುರು ಮಾಡಿದೆವು. ಮುಂದೆ ಟ್ಯಾಂಕರ್‌ಗಳ ಸಾಲು, ಹಾಗಾಗಿ ಬ್ರೇಕ್ ಮೇಲೆ ಬ್ರೇಕ್. ಮಾರನಹಳ್ಳಿ ಹತ್ತಿರ ಬರುವಾಗ ಏರ್ ಪ್ರೆಷರ್ ಮೀಟರಿನ ಮುಳ್ಳು 8 ಬಾರ್‌ನಿಂದ 6ಕ್ಕೆ ಬಂದಿತ್ತು. ಡ್ರೈವರ್ ಎಕ್ಸಾಸ್ಟ್ ಬ್ರೇಕ್ ಹಾಕಿ, ಗೇರ್ ಇಳಿಸಿ, ಕಾಲು ಬ್ರೇಕ್ ಆದಷ್ಟು ಬಿಟ್ಟು ಓಡಿಸಿದ. ಮುಳ್ಳು ಮೇಲೆ ಏರಲಿಲ್ಲ. 5 ಆಯಿತು, ಬಜರ್ ಕೂಗಿತು. ಅವನು ನನ್ನ ಮುಖ ನೋಡಲಿಲ್ಲ, ರಸ್ತೆ ನೋಡುತ್ತಲೇ "ಅಣ್ಣಾ, ಗಟ್ಟಿಯಾಗಿ ಹಿಡ್ಕಳಿ" ಅಂದ.

ಅಗಲವಾದ ಜಾಗ ನೋಡಿ ಪಕ್ಕಕ್ಕೆ ತೆಗೆಯುವಷ್ಟರಲ್ಲಿ ಟ್ರೈಲರಿನ ಬ್ರೇಕ್ ತಾನಾಗಿಯೇ ಹಿಡಿಯಿತು. ಹಾರ್ಸ್‌ನಿಂದ ಟ್ರೈಲರಿಗೆ ಏರ್ ತರುವ ಕೆಂಪು ಪೈಪಿನ ಪ್ರೆಷರ್ ಇಳಿದರೆ ಟ್ರೈಲರ್ ಬ್ರೇಕ್ ತಾನೇ ಬೀಳುತ್ತದೆ. ಅದು ಕಾಪಾಡುವುದಕ್ಕೆ ಇರುವ ವ್ಯವಸ್ಥೆ. ಆದರೆ ಒದ್ದೆ ಕಾಂಕ್ರೀಟ್ ಇಳಿಜಾರಿನ ತಿರುವಿನಲ್ಲಿ, ನಾವು ಕೇಳದ ಹೊತ್ತಿನಲ್ಲಿ ಹಿಡಿದರೆ ಏನಾಗುತ್ತದೆ ಅಂತ ಅವತ್ತು ಕಂಡೆ. ಚಕ್ರ ನಿಂತಿತು, ಟ್ರೈಲರ್ ನಿಲ್ಲಲಿಲ್ಲ. ಹಿಂಭಾಗ ಜಾರಿಕೊಂಡು ಗುಡ್ಡದ ಕಡೆಯ ಚರಂಡಿಗೆ ಇಳಿದು ನಿಂತಿತು. ಇನ್ನೊಂದು ಪಕ್ಕ ಕಣಿವೆ. ಆ ಕಡೆ ಜಾರಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ.

ಯಾರಿಗೂ ಏಟಾಗಲಿಲ್ಲ. ಮಷೀನ್ ಕಟ್ಟಿದ್ದ ಬೆಲ್ಟ್ ಸಡಿಲವಾಗಿ ಒಂದು ಮೂಲೆ ಜಜ್ಜಿತ್ತು. ಬೆಳಗಿನ ಜಾವ ಕ್ರೇನ್ ಬರುವ ತನಕ ನಮ್ಮ ಹಿಂದೆ ಮುಂದೆ ಗಾಡಿಗಳು ಸಾಲು ನಿಂತಿದ್ದವು. ಬಸ್ಸಿನಲ್ಲಿ ಚಿಕ್ಕ ಮಕ್ಕಳು ಅಳುತ್ತಿದ್ದುದು ಈಗಲೂ ಕಿವಿಯಲ್ಲಿದೆ. ಕ್ರೇನ್, ಮಷೀನ್ ರಿಪೇರಿ, ಕಳೆದುಕೊಂಡ ಪಾರ್ಟಿ, ಎಲ್ಲ ಸೇರಿ ಉಳಿಸಿದ 34,000ದ ಎಷ್ಟೋ ಪಟ್ಟು ಹೋಯಿತು. ದುಡ್ಡಿನ ಮಾತು ಇಲ್ಲಿಗೆ ಬಿಡುತ್ತೇನೆ.

ಬೆಳಕಾದ ಮೇಲೆ ಕೆಳಗೆ ಬಗ್ಗಿ ನೋಡಿದೆವು. ಬೆಲ್ಲೋಗೆ ಹೋಗುವ ನೈಲಾನ್ ಪೈಪ್ ಒಂದು ಬೋಲ್ಟಿನ ತಲೆಗೆ ಉಜ್ಜಿ ಉಜ್ಜಿ ತೂತಾಗಿತ್ತು. ಬೆರಳ ತುದಿಯಷ್ಟು ಸೀಳು, ಅಷ್ಟೇ. ಅಷ್ಟು ಚಿಕ್ಕ ತೂತು ಬ್ರೇಕ್ ತನಕ ಹೇಗೆ ಹೋಯಿತು ಅನ್ನುವುದೇ ಎಲ್ಲರೂ ತಿಳಿದುಕೊಳ್ಳಬೇಕಾದ ವಿಷಯ.

ಲೆವೆಲಿಂಗ್ ವಾಲ್ವಿಗೆ ಗೊತ್ತಿರುವುದು ಒಂದೇ ಕೆಲಸ. ಚಾಸಿಗೂ ಆಕ್ಸಲ್ಲಿಗೂ ನಡುವಿನ ಎತ್ತರ ಕಡಿಮೆಯಾದರೆ ಅದರ ಕಡ್ಡಿ ಮೇಲೇಳುತ್ತದೆ, ವಾಲ್ವ್ ತೆರೆದು ಬೆಲ್ಲೋಗೆ ಏರ್ ತುಂಬುತ್ತದೆ. ಎತ್ತರ ಜಾಸ್ತಿಯಾದರೆ ಏರ್ ಹೊರಗೆ ಬಿಡುತ್ತದೆ. ಲೋಡ್ ಬಿತ್ತೋ, ಪೈಪ್ ಒಡೆಯಿತೋ ಅದಕ್ಕೆ ಗೊತ್ತಾಗುವುದಿಲ್ಲ. ಪೈಪ್ ಸೀಳಿ ಗಾಡಿ ಕೂತಾಗಲೂ ಅದು ಲೋಡ್ ಬಿದ್ದಿದೆ ಅಂತಲೇ ಲೆಕ್ಕ ಹಾಕಿ ಇನ್ನಷ್ಟು ಏರ್ ಸುರಿಯುತ್ತದೆ. ಆ ಏರ್ ಬರುತ್ತಿದ್ದದ್ದು ಬ್ರೇಕ್ ಟ್ಯಾಂಕಿನಿಂದ. ಮೇಲೆ ನಾವು ಬ್ರೇಕ್ ಒತ್ತುತ್ತಿದ್ದೆವು, ಕೆಳಗೆ ಸೀಳಿನಿಂದ ಸೋರುತ್ತಿತ್ತು. ಒಂದು ಕಂಪ್ರೆಸರ್ ಎರಡಕ್ಕೂ ಸಾಲಲಿಲ್ಲ.

ಪ್ರೊಟೆಕ್ಷನ್ ವಾಲ್ವ್ ನಡುವೆ ಇದ್ದಿದ್ದರೆ ಬ್ರೇಕ್ ಟ್ಯಾಂಕಿನ ಪ್ರೆಷರ್ ಸುಮಾರು 6 ಬಾರ್‌ಗೆ ಇಳಿದ ಕೂಡಲೇ ಅದು ಮುಚ್ಚಿಕೊಳ್ಳುತ್ತಿತ್ತು. ಸಸ್ಪೆನ್ಷನ್ ಏರ್ ಪೂರ್ತಿ ಹೋಗಿ ಟ್ರೈಲರ್ ಬಂಪ್ ಸ್ಟಾಪ್ (ಬೆಲ್ಲೋ ಪೂರ್ತಿ ಕುಸಿದಾಗ ಭಾರ ತಡೆಯುವ ಗಟ್ಟಿ ತುಂಡು) ಮೇಲೆ ಕೂರುತ್ತಿತ್ತು, ಕುಲುಕುತ್ತಿತ್ತು, ನಿಧಾನವಾಗಿ ಗುಂಡ್ಯ ತನಕ ಇಳಿಯಬಹುದಿತ್ತು. ಬ್ರೇಕ್ ಮಾತ್ರ ನಮ್ಮ ಕಾಲಿನ ಕೆಳಗೇ ಇರುತ್ತಿತ್ತು. ಇಡೀ ಕಿಟ್ಟಿನಲ್ಲಿ ಅಂಗೈಯೊಳಗೆ ಹಿಡಿಯುವಷ್ಟು ಚಿಕ್ಕ ಸಾಮಾನು ಅದು. ಹಾಕುವವರು ಬೇಡ ಅಂದರೆ ಆ ಅಂಗಡಿಯಿಂದ ಎದ್ದು ಬನ್ನಿ.

ಈಗ ನಾನು ಪೂರ್ತಿ ಬಿಚ್ಚಿಸಿ ಮತ್ತೆ ಮಾಡಿಸಿದ್ದೇನೆ. ಬೇರೆ ಟ್ಯಾಂಕ್, ಪ್ರೊಟೆಕ್ಷನ್ ವಾಲ್ವ್, ಎಡ ಬಲಕ್ಕೆ ಬೇರೆ ಲೈನ್. ಪೈಪ್ ಚಾಸಿ ದಾಟುವ ಕಡೆಯೆಲ್ಲ ರಬ್ಬರ್ ತೋಳು. ಪೈಪ್ ಕತ್ತರಿಸುವಾಗಲೂ ನಿಂತು ನೋಡಿದೆ. ಹ್ಯಾಕ್ಸಾ ಬ್ಲೇಡಿನಲ್ಲಿ ಓರೆಯಾಗಿ ಕೊಯ್ದರೆ ಪುಶ್ ಫಿಟ್ಟಿಂಗಿನಲ್ಲಿ ಸರಿಯಾಗಿ ಕೂರುವುದಿಲ್ಲ, ಅಲ್ಲಿಂದಲೇ ಸೋರಲು ಶುರುವಾಗುತ್ತದೆ. ನೇರವಾಗಿ ಕೊಯ್ಯುವ ಪೈಪ್ ಕಟರ್ ಇಲ್ಲದ ಗ್ಯಾರೇಜಿನಲ್ಲಿ ಈ ಕೆಲಸ ಮಾಡಿಸಬೇಡಿ.

ಎಲೆಕ್ಟ್ರಾನಿಕ್ ಕಂಟ್ರೋಲ್ ಹಾಕಿಸಲೇ ಅಂತ ಕೆಲವರು ಕೇಳುತ್ತಾರೆ. ಅದರಲ್ಲಿ ಕಡ್ಡಿಯ ಬದಲು ಹೈಟ್ ಸೆನ್ಸರ್, ಒಂದು ಕಂಪ್ಯೂಟರ್ ಡಬ್ಬಿ, ಕರೆಂಟಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್‌ಗಳು ಇರುತ್ತವೆ. ಓಡುವಾಗ ಏರ್ ಕಡಿಮೆ ತಿನ್ನುತ್ತದೆ, ಗೋಡೌನಿನ ಎತ್ತರಕ್ಕೆ ಬಟನ್ ಒತ್ತಿ ಏರಿಸಿ ಇಳಿಸಬಹುದು. ಒಳ್ಳೆಯದೇ. ಆದರೆ ಕೆಟ್ಟರೆ ಅದನ್ನು ಓದುವ ಟೂಲ್ ಬೇಕು, ಅದು ಬಲ್ಲ ಜನ ಬೇಕು. ನಮ್ಮಂತೆ ಘಾಟಿ, ಮಳೆ, ಕೆಸರಿನಲ್ಲಿ ಓಡಿಸುವವರಿಗೆ, ನಮ್ಮ ರೂಟಿನ ಮೆಕ್ಯಾನಿಕ್ ಕೈಯಲ್ಲೇ ಸರಿಯಾಗುವ ಮೆಕ್ಯಾನಿಕಲ್ ವಾಲ್ವೇ ಸಾಕು ಅಂತ ನನ್ನ ಅಭಿಪ್ರಾಯ. ಕಂಪನಿಯಿಂದಲೇ ಎಲೆಕ್ಟ್ರಾನಿಕ್ ಬಂದಿದ್ದರೆ ಕೀಳಬೇಡಿ. ವೈರ್ ಕನೆಕ್ಟರ್‌ಗಳಿಗೆ ನೀರು ಹೋಗದಂತೆ ನೋಡಿಕೊಳ್ಳಿ.

ಇನ್ನೊಂದು ಮಾತು. ಇರುವ ಗಾಡಿಯ ಸಸ್ಪೆನ್ಷನ್ ಬದಲಿಸುವ ಮುಂಚೆ ಆರ್‌ಟಿಒ ಹತ್ತಿರ ಹೋಗಿ ಕೇಳಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮಾರ್ಪಾಡಿನ ಬಗ್ಗೆಯೇ ಇದೆ. ನಾನು ಕೇಳಿರಲಿಲ್ಲ, ಇನ್ಶೂರೆನ್ಸ್‌ನವರ ಮುಂದೆ ಬಾಯಿ ಬಿಡಲು ಆಗಲಿಲ್ಲ. ಏರ್ ಹಾಕಿಸಿದ ಮಾತ್ರಕ್ಕೆ ಜಾಸ್ತಿ ಲೋಡ್ ಹಾಕಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆರ್‌ಸಿಯಲ್ಲಿ ಬರೆದಷ್ಟೇ ತೂಕ.

ನೋಡಿಕೊಳ್ಳುವುದು ದೊಡ್ಡ ಕೆಲಸವಲ್ಲ, ಆದರೆ ಬಿಡಬಾರದು. ನಮ್ಮ ಹುಡುಗರು ದಿನಾ ಟ್ಯಾಂಕ್ ಡ್ರೈನ್ ಎಳೆಯುತ್ತಾರೆ. ನೀರು ಬಂದರೆ ಏರ್‌ನ ತೇವ ತೆಗೆಯುವ ಏರ್ ಡ್ರೈಯರ್ ನೋಡಬೇಕು. ನೀರಿನ ಜೊತೆ ಎಣ್ಣೆ ಬಂದರೆ ಕಂಪ್ರೆಸರ್ ರಿಂಗ್ ಸವೆದಿರಬಹುದು. ಆಗ ಡ್ರೈಯರ್ ಕಾರ್ಟ್ರಿಜ್ ಮಾತ್ರ ಬದಲಿಸಿದರೆ ದುಡ್ಡು ದಂಡ, ಹೊಸದೂ ಎಣ್ಣೆ ಕುಡಿದು ಹಾಳಾಗುತ್ತದೆ. ವಾರಕ್ಕೊಮ್ಮೆ ರಾತ್ರಿ ನಿಲ್ಲಿಸುವಾಗ ಚಾಸಿಗೂ ಆಕ್ಸಲ್ಲಿಗೂ ನಡುವಿನ ಎತ್ತರ ಟೇಪಿನಲ್ಲಿ ಅಳೆದು, ಬೆಳಿಗ್ಗೆ ಮತ್ತೆ ಅಳೆಯುತ್ತಾರೆ. ತುಂಬ ಇಳಿದಿದ್ದರೆ ಸೋಪಿನ ನೀರು ಹಿಡಿದು ಪ್ರತಿ ಜಾಯಿಂಟಿಗೂ ಹಚ್ಚುತ್ತಾರೆ. ನನ್ನ ಡ್ರೈವರ್ ಹೇಳಿದ್ದನ್ನು ಅವತ್ತೇ ಕೇಳಿ ಸೋಪು ನೀರು ಹಾಕಿಸಿದ್ದರೆ ಆ ಸೀಳು ಹಾಸನದಲ್ಲೇ ಸಿಗುತ್ತಿತ್ತು.

ಶಾಕ್ ಅಬ್ಸಾರ್ಬರ್ ಮರೆಯಬೇಡಿ. ಏರ್ ಗಾಡಿಯಲ್ಲಿ ಬೆಲ್ಲೋ ಅತಿಯಾಗಿ ಎಳೆದುಕೊಳ್ಳದಂತೆ ತಡೆಯುವುದು ಅದೇ. ಓಡಿಸಿ ನಿಲ್ಲಿಸಿದ ಕೂಡಲೇ ಕೈ ಹಿಂಭಾಗದಿಂದ ಮುಟ್ಟಿ ನೋಡಿ, ಬಿಸಿ ಇರಬಹುದು. ಎಲ್ಲ ಬೆಚ್ಚಗಿದ್ದು ಒಂದು ಮಾತ್ರ ತಣ್ಣಗಿದ್ದರೆ ಅದು ಕೆಲಸ ಮಾಡುತ್ತಿಲ್ಲ. ಲೆವೆಲಿಂಗ್ ವಾಲ್ವಿನ ಕಡ್ಡಿ ಬಗ್ಗಿಸಿ ಗಾಡಿ ಎತ್ತರ ಮಾಡುವ ಅಭ್ಯಾಸವೂ ಕೆಲವರಿಗಿದೆ. ಮಾಡಬೇಡಿ, ಬೆಲ್ಲೋ ಮತ್ತು ಶಾಕ್ ಎರಡೂ ಕಿತ್ತು ಹೋಗುತ್ತವೆ. ಮತ್ತೆ ಹುಡುಗರಿಗೆ ಕೈ ಮುಗಿದು ಹೇಳುತ್ತೇನೆ, ಬೆಲ್ಲೋ ಎತ್ತಿ ಹಿಡಿದಿದೆ ಅಂತ ಸ್ಟ್ಯಾಂಡ್ ಕೊಡದೆ ಚಾಸಿ ಕೆಳಗೆ ನುಗ್ಗಬೇಡಿ. ಪೈಪ್ ಬಿಟ್ಟರೆ ಟನ್‌ಗಟ್ಟಲೆ ಭಾರ ಕ್ಷಣದಲ್ಲಿ ಕೆಳಗೆ ಬರುತ್ತದೆ.

ನಿಮ್ಮ ಗಾಡಿಯಲ್ಲಿ ಪ್ರೊಟೆಕ್ಷನ್ ವಾಲ್ವ್ ಇದೆಯಾ, ಇದ್ದರೂ ಕೆಲಸ ಮಾಡುತ್ತಿದೆಯಾ ಅಂತ ಇವತ್ತೇ ನೋಡಬಹುದು. ಖಾಲಿ ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಚಕ್ರಕ್ಕೆ ಎರಡೂ ಕಡೆ ಕಟ್ಟೆ ಕೊಡಿ. ಏರ್ ಪೂರ್ತಿ ತುಂಬಿಸಿ ಇಂಜಿನ್ ಆಫ್ ಮಾಡಿ. ಗಾಡಿ ಕೂರುತ್ತದೆ, ಹಾಗಾಗಿ ಕೆಳಗೆ ಯಾರೂ ಇರಬಾರದು. ಪಕ್ಕದಲ್ಲಿ ನಿಂತು ಸಸ್ಪೆನ್ಷನ್ ಟ್ಯಾಂಕಿನ ಡ್ರೈನ್ ತೆರೆದು ಬಿಡಿ, ಒಬ್ಬರು ಟ್ರೈಲರಿನ ಬ್ರೇಕ್ ಟ್ಯಾಂಕಿಗೆ ಪ್ರೆಷರ್ ಮೀಟರ್ ಹಾಕಿ ನೋಡಲಿ. ಮುಳ್ಳು ಇಳಿದು 6ರ ಆಸುಪಾಸಿನಲ್ಲಿ ನಿಲ್ಲಬೇಕು. ನಿಲ್ಲದೆ ಕೆಳಗೆ ಹೋಗುತ್ತಲೇ ಇದ್ದರೆ, ಅಥವಾ ಸಸ್ಪೆನ್ಷನ್ನಿಗೆ ಬೇರೆ ಟ್ಯಾಂಕೇ ಕಾಣದಿದ್ದರೆ, ಆ ಟ್ರೈಲರಿಗೆ ಲೋಡ್ ಹಾಕಬೇಡಿ. ಮೊದಲು ಗ್ಯಾರೇಜಿಗೆ ತೆಗೆದುಕೊಂಡು ಹೋಗಿ.